ತಳಿ ಕೆಟ್ಟಿತೋ, ತುಕ್ಕು ಬದಲಾಯಿತೋ? – ಜೀವಕೋಶದ ನಕಲು ಕೆಲಸದ ಬಗ್ಗೆ ಒಂದು ಪಾಠ



ಕಾಫಿ ಬೆಳೆಗಾರರು ನಾಲ್ಕು ಜನ ಸೇರಿದಲ್ಲಿ ಒಂದು ಮಾತು ಕೇಳಿಬರುವುದುಂಟು. "ಅಜ್ಜನ ಕಾಲದಲ್ಲಿ ಕೆಂಟ್ ಗಿಡಕ್ಕೆ ತುಕ್ಕು ಹತ್ತುತ್ತಿರಲಿಲ್ಲವಂತೆ. ಆಮೇಲೆ ಎಸ್.795 ಬಂತು, ಅದಕ್ಕೂ ತುಕ್ಕು ಬಂತು. ಕಾವೇರಿ ಹಾಕಿದೆವು, ಅದೂ ಅಷ್ಟೇ. ಈಗಿನ ತಳಿಗಳೇ ಕೆಟ್ಟುಹೋಗಿವೆ." ಈ ಮಾತಿನಲ್ಲಿ ಅನುಭವವಿದೆ, ಆದರೆ ಕೊನೆಯ ತೀರ್ಮಾನ ಮಾತ್ರ ಸರಿಯಲ್ಲ. ಕೆಂಟ್ ಗಿಡ ಕೆಡಲಿಲ್ಲ. ಬದಲಾದದ್ದು ತುಕ್ಕುರೋಗದ ಶಿಲೀಂಧ್ರ. ಅದು ಹೇಗೆ ಬದಲಾಯಿತು ಎಂದು ತಿಳಿಯಬೇಕಾದರೆ ಜೀವಕೋಶದೊಳಗೆ ಹಗಲಿರುಳೂ ನಡೆಯುವ ಒಂದು ಕೆಲಸವನ್ನು ಅರಿಯಬೇಕು. ಅದೇ ಡಿ.ಎನ್.ಎ. ನಕಲು ಮಾಡುವ ಕೆಲಸ. ವಿಷಯ ಸ್ವಲ್ಪ ಸೂಕ್ಷ್ಮವಾದುದು. ನಿಧಾನವಾಗಿ ಓದಬೇಕೆಂದು ಕೋರಿಕೆ.

ಕೋಶದೊಳಗಿನ ದಸ್ತಾವೇಜು

ಯಾವ ಗಿಡವೇ ಆಗಲಿ, ಬೀಜದೊಳಗಿನ ಒಂದೇ ಒಂದು ಜೀವಕೋಶದಿಂದ ಆರಂಭವಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಬೇರು, ಕಾಂಡ, ಎಲೆ, ಹಣ್ಣು ಆಗುತ್ತವೆ. ಎಲೆ ಹೇಗಿರಬೇಕು, ಗಂಟಿನಿಂದ ಗಂಟಿಗೆ ಎಷ್ಟು ದೂರವಿರಬೇಕು, ರೋಗ ಬಂದಾಗ ಏನು ಮಾಡಬೇಕು ಎಂಬ ಸೂಚನೆಗಳೆಲ್ಲ ಪ್ರತಿಯೊಂದು ಕೋಶದಲ್ಲೂ ಬರೆದಿಟ್ಟಂತೆ ಇರುತ್ತವೆ. ಈ ಬರಹವೇ ಡಿ.ಎನ್.ಎ. ಅದು ವರ್ಣತಂತುಗಳೆಂಬ ಕಟ್ಟುಗಳಲ್ಲಿರುತ್ತದೆ. ಅರೇಬಿಕಾ ಕಾಫಿಯ ಕೋಶದಲ್ಲಿ ಇಂಥ ಕಟ್ಟುಗಳು 44, ರೋಬಸ್ಟಾದಲ್ಲಿ 22, ಅಡಿಕೆಯಲ್ಲಿ 32.

ಈ ಬರಹಕ್ಕೆ ಇರುವುದು ನಾಲ್ಕೇ ಅಕ್ಷರ – ಎ, ಟಿ, ಜಿ, ಸಿ. ಅರೇಬಿಕಾ ಕಾಫಿಯ ಒಂದು ಸೆಟ್ ಬರಹದಲ್ಲಿ ಸುಮಾರು 120 ಕೋಟಿ ಅಕ್ಷರಗಳಿವೆ. ಪುಟಕ್ಕೆ ಎರಡು ಸಾವಿರ ಅಕ್ಷರದಂತೆ ಅಚ್ಚು ಹಾಕಿದರೆ ಆರು ಲಕ್ಷ ಪುಟಗಳಾದಾವು! ಒಂದು ಕೋಶ ಎರಡಾಗುವ ಪ್ರತಿ ಸಲವೂ ಇದನ್ನೆಲ್ಲ ಹೊಸದಾಗಿ ನಕಲು ಮಾಡಬೇಕು.

1953ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ಡಿ.ಎನ್.ಎ.ಯ ರಚನೆಯನ್ನು ತಿಳಿಸಿದರು. ಲಂಡನ್ನಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ಗಾಸ್ಲಿಂಗ್ ತೆಗೆದಿದ್ದ ಕ್ಷಕಿರಣ ಚಿತ್ರಗಳು ಇದಕ್ಕೆ ಮುಖ್ಯ ಆಧಾರವಾಗಿದ್ದವು. ಡಿ.ಎನ್.ಎ. ಎಂಬುದು ಎರಡು ಎಳೆ ಸೇರಿಸಿ ಹೊಸೆದ ಹುರಿಹಗ್ಗದಂತಿದೆ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿನ ಎಳೆಯಲ್ಲಿ ಟಿ ಇರಲೇಬೇಕು. ಜಿ ಎದುರಿಗೆ ಸಿ ಇರಲೇಬೇಕು. ಹೀಗಾಗಿ ಒಂದು ಎಳೆ ಕೈಯಲ್ಲಿದ್ದರೆ ಸಾಕು, ಇನ್ನೊಂದರಲ್ಲಿ ಏನಿರಬೇಕೆಂದು ತಿಳಿಯುತ್ತದೆ.

ಸಾರಜನಕದಿಂದ ಸಿಕ್ಕ ಸಾಕ್ಷಿ

ಹಾಗಾದರೆ ನಕಲು ನಡೆಯುವುದು ಹೇಗೆ? ಆಗ ಮೂರು ಊಹೆಗಳಿದ್ದವು. ಒಂದು: ಹಳೆಯ ಹಗ್ಗ ಹಾಗೆಯೇ ಉಳಿದು, ಪಕ್ಕದಲ್ಲಿ ಪೂರ್ತಿ ಹೊಸ ಹಗ್ಗ ಹುಟ್ಟುತ್ತದೆ. ಎರಡು: ಹಗ್ಗದ ಹುರಿ ಬಿಚ್ಚಿ, ಒಂದೊಂದು ಹಳೆ ಎಳೆಗೂ ಒಂದೊಂದು ಹೊಸ ಎಳೆ ಜೊತೆಯಾಗುತ್ತದೆ. ಮೂರು: ಹಳೆಯದು ತುಂಡು ತುಂಡಾಗಿ, ಹಳೆ ತುಂಡು ಹೊಸ ತುಂಡು ಬೆರೆತು ಎರಡೂ ಹಗ್ಗಗಳು ಆಗುತ್ತವೆ.

ಇದನ್ನು ತೀರ್ಮಾನಿಸಿದ್ದು ನಮಗೆಲ್ಲ ಪರಿಚಯವಿರುವ ಸಾರಜನಕ. ಯೂರಿಯಾದಲ್ಲಿ ಗಿಡಕ್ಕೆ ಕೊಡುವ ಸಾರಜನಕವು ಡಿ.ಎನ್.ಎ.ಯ ಅಕ್ಷರಗಳಲ್ಲಿಯೂ ಸೇರಿರುತ್ತದೆ. ಸಾಮಾನ್ಯ ಸಾರಜನಕದ ತೂಕದ ಸಂಖ್ಯೆ 14. ಅಪರೂಪಕ್ಕೆ ಸಿಗುವ ಭಾರದ ಸಾರಜನಕದ್ದು 15. ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಮೆಸೆಲ್‌ಸನ್ ಮತ್ತು ಸ್ಟಾಲ್ ಎಂಬವರು ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಹಲವು ತಲೆಮಾರುಗಳವರೆಗೆ ಭಾರದ ಸಾರಜನಕದಲ್ಲೇ ಬೆಳೆಸಿದರು. ಅದರ ಡಿ.ಎನ್.ಎ. ಪೂರ್ತಿ ಭಾರವಾಯಿತು. ಆಮೇಲೆ ಅದನ್ನು ಸಾಮಾನ್ಯ ಸಾರಜನಕದ ಆಹಾರಕ್ಕೆ ಬದಲಾಯಿಸಿದರು. ತಲೆಮಾರಿಗೊಮ್ಮೆ ಡಿ.ಎನ್.ಎ. ತೆಗೆದು, ಸೀಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣದಲ್ಲಿ ನಿಮಿಷಕ್ಕೆ 44 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರದಲ್ಲಿಟ್ಟರು. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ ನಿಲ್ಲುತ್ತದೆ.

ಮೊದಲ ತಲೆಮಾರಿನ ನಂತರ ಇದ್ದದ್ದು ಒಂದೇ ಪಟ್ಟಿ, ಅದೂ ನಡುವಿನಲ್ಲಿ. ಹಳೆಯದು ಹಾಗೇ ಉಳಿಯುವುದಾಗಿದ್ದರೆ ಕೆಳಗೊಂದು ಮೇಲೊಂದು ಪಟ್ಟಿ ಕಾಣಬೇಕಿತ್ತು. ಮೊದಲನೆಯ ಊಹೆ ಬಿದ್ದುಹೋಯಿತು. ಎರಡನೆಯ ತಲೆಮಾರಿನ ನಂತರ ಅರ್ಧ ನಡುವಿನಲ್ಲಿ, ಅರ್ಧ ಮೇಲೆ ನಿಂತಿತು. ತುಂಡುಗಳು ಬೆರೆಯುವುದಾಗಿದ್ದರೆ ಆಗಲೂ ಒಂದೇ ಪಟ್ಟಿ ಇರಬೇಕಿತ್ತು, ಮೂರನೆಯದೂ ಬಿತ್ತು. ಉಳಿದದ್ದು ಎರಡನೆಯದು. 1958ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದರ ಹಿಂದಿನ ವರ್ಷವೇ ಟೇಲರ್ ಮತ್ತು ಸಂಗಡಿಗರು ಬ್ರಾಡ್ ಬೀನ್ ಎಂಬ ದ್ವಿದಳ ಗಿಡದ ಬೇರಿನ ತುದಿಯಲ್ಲಿ, ವರ್ಣತಂತುಗಳ ಮಟ್ಟದಲ್ಲಿ ಇದೇ ರೀತಿಯ ಹಂಚಿಕೆಯನ್ನು ತೋರಿಸಿದ್ದರು. ಬ್ಯಾಕ್ಟೀರಿಯಾಕ್ಕೂ ಗಿಡಕ್ಕೂ ಒಂದೇ ಕ್ರಮ. ಪ್ರತಿ ಹೊಸ ಹಗ್ಗದಲ್ಲೂ ಒಂದು ಹಳೆ ಎಳೆ, ಒಂದು ಹೊಸ ಎಳೆ.

ನಕಲು ಮಾಡುವ ಗುಮಾಸ್ತರು

ಎದುರೆಳೆಯನ್ನು ಬರೆಯುವ ಕಿಣ್ವವನ್ನು 1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಗುರುತಿಸಿದರು. ಅದಕ್ಕೆ ಡಿ.ಎನ್.ಎ. ಪಾಲಿಮರೇಸ್ ಎಂದು ಹೆಸರು. 1959ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂತು. ಆದರೆ ಒಂದು ತೊಡಕಿತ್ತು. ಹಗ್ಗದ ಎರಡು ಎಳೆಗಳ ದಿಕ್ಕು ಒಂದಕ್ಕೊಂದು ವಿರುದ್ಧ. ಈ ಕಿಣ್ವಕ್ಕೋ ಒಂದೇ ದಿಕ್ಕಿನಲ್ಲಿ ಬರೆಯಲು ಬರುತ್ತದೆ. ಹಾಗಾದರೆ ಎರಡನೆಯ ಎಳೆಯ ಗತಿ ಏನು?

ಇದನ್ನು ಬಿಡಿಸಿದವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ರೇಜಿ ಒಕಝಾಕಿ ಮತ್ತು ಅವರ ಪತ್ನಿ ಸುನೆಕೊ ಒಕಝಾಕಿ. ಹಗ್ಗ ಬಿಚ್ಚಿಕೊಳ್ಳುತ್ತಾ ಹೋದಂತೆ ಒಂದು ಎಳೆಯ ಎದುರಿಗೆ ನಕಲು ಸರಾಗವಾಗಿ ಮುಂದುವರಿಯುತ್ತದೆ. ಇನ್ನೊಂದರ ಎದುರಿಗೆ ಕಿಣ್ವ ಆಗಾಗ ಮುಂದಕ್ಕೆ ಹಾರಿ, ಅಲ್ಲಿಂದ ಹಿಂದಕ್ಕೆ ಚಿಕ್ಕ ಚಿಕ್ಕ ತುಂಡುಗಳಾಗಿ ಬರೆಯುತ್ತದೆ. ಬಳಿಕ ಬೇರೊಂದು ಕಿಣ್ವ ಆ ತುಂಡುಗಳನ್ನು ಬೆಸೆಯುತ್ತದೆ. 1968ರಲ್ಲಿ ತಿಳಿದುಬಂದ ಈ ತುಂಡುಗಳಿಗೆ ಇಂದಿಗೂ ಒಕಝಾಕಿ ತುಂಡುಗಳೆಂದೇ ಹೆಸರು. ರೇಜಿ ಅವರು ಬಾಲ್ಯದಲ್ಲಿ ಹಿರೋಷಿಮಾದ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿದ್ದವರು. 1975ರಲ್ಲಿ, 44ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ವಿಕಿರಣವು ಹಾಳುಮಾಡುವುದು ಇದೇ ಡಿ.ಎನ್.ಎ. ಬರಹವನ್ನು. ಸುನೆಕೊ ಅವರು ಸಂಶೋಧನೆಯನ್ನು ಮುಂದುವರಿಸಿ ಪೂರ್ತಿಗೊಳಿಸಿದರು.

ನೂರು ಕೋಟಿಗೊಂದು ತಪ್ಪು

ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ಹಿಂದೆ ದಸ್ತಾವೇಜುಗಳನ್ನು ಕೈಯಲ್ಲೇ ನಕಲು ಮಾಡುತ್ತಿದ್ದ ದಿನಗಳನ್ನು ಹಿರಿಯರು ಬಲ್ಲರು. ಸರ್ವೆ ನಂಬರ್ 47 ಎಂಬಲ್ಲಿ 41 ಎಂದು ಬಿದ್ದರೆ ಮುಂದೆ ಎಷ್ಟು ವ್ಯಾಜ್ಯ! ಅದಕ್ಕಾಗಿಯೇ ಒಬ್ಬರು ಬರೆದದ್ದನ್ನು ಮತ್ತೊಬ್ಬರು ಮೂಲದೊಂದಿಗೆ ತಾಳೆ ನೋಡುತ್ತಿದ್ದರು. ಜೀವಕೋಶದಲ್ಲಿಯೂ ಇಂಥದೇ ವ್ಯವಸ್ಥೆಯಿದೆ.

ನಕಲು ಕಿಣ್ವ ಒಂದೇ ಬರೆದರೆ ಸುಮಾರು ಒಂದು ಲಕ್ಷ ಅಕ್ಷರಕ್ಕೆ ಒಂದು ತಪ್ಪು ಬೀಳುತ್ತದೆ. ಆದರೆ ತಪ್ಪು ಅಕ್ಷರ ಸೇರಿದ ಕೂಡಲೇ ಅದೇ ಕಿಣ್ವ ಒಂದು ಹೆಜ್ಜೆ ಹಿಂದೆ ಬಂದು ಅದನ್ನು ಕಿತ್ತುಹಾಕಿ ಸರಿಯಾದದ್ದನ್ನು ಹಾಕುತ್ತದೆ. ಇದರಿಂದ ತಪ್ಪು ಸುಮಾರು ಒಂದು ಕೋಟಿಗೆ ಒಂದಕ್ಕೆ ಇಳಿಯುತ್ತದೆ. ಅದನ್ನೂ ದಾಟಿದ ತಪ್ಪನ್ನು ಇನ್ನೊಂದು ತಂಡದ ಕಿಣ್ವಗಳು ಹುಡುಕುತ್ತವೆ. ಇವು ಹಳೆ ಎಳೆ ಯಾವುದು, ಹೊಸ ಎಳೆ ಯಾವುದು ಎಂದು ಗುರುತಿಸಿ ಹೊಸದನ್ನೇ ತಿದ್ದುತ್ತವೆ. ಆಗ ಉಳಿಯುವುದು ಸುಮಾರು ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪು. ಈ ಕೊನೆಯ ತಿದ್ದುಪಡಿಯ ಕ್ರಮವನ್ನು ವಿವರಿಸಿದ ಪಾಲ್ ಮೋಡ್ರಿಚ್ ಅವರು 2015ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ಮನುಷ್ಯನಲ್ಲಿ ಹುಟ್ಟಿನಿಂದಲೇ ಈ ತಿದ್ದುವ ಕೆಲಸ ಕುಂಠಿತವಾಗಿದ್ದರೆ ಕರುಳಿನ ಕ್ಯಾನ್ಸರ್ ಬರುವ ಸಂಭವ ಬಹಳ ಹೆಚ್ಚು.

ಆದರೂ ತಪ್ಪು ಪೂರ್ತಿ ನಿಲ್ಲುವುದಿಲ್ಲ. ಬರಹವೇ ನೂರು ಕೋಟಿ ಅಕ್ಷರ ದಾಟಿರುವಾಗ ಪ್ರತಿ ನಕಲಿನಲ್ಲೂ ಒಂದೆರಡು ತಪ್ಪು ಉಳಿಯಬಹುದು. ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. ಕೆಲವು ಕೆಡುಕು ಮಾಡುತ್ತವೆ. ಅಪರೂಪಕ್ಕೆ ಒಂದು ಪ್ರಯೋಜನಕ್ಕೆ ಬರುತ್ತದೆ. ಹೀಗೆ ಉಳಿದುಬಿಡುವ ತಪ್ಪಿಗೇ ಉತ್ಪರಿವರ್ತನೆ ಅಥವಾ ಮ್ಯುಟೇಷನ್ ಎನ್ನುವುದು.

ತುಕ್ಕುರೋಗದ ಲೆಕ್ಕ

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಕೆಂಟ್ ಎಂಬ ಪ್ಲಾಂಟರ್ 1911ರಲ್ಲಿ ಮೈಸೂರು ಸೀಮೆಯ ತೋಟದಲ್ಲಿ ತುಕ್ಕು ಹತ್ತದ ಗಿಡವನ್ನು ಆರಿಸಿದರು. ಆ ತಳಿ ಬೇಗನೆ ಹಬ್ಬಿತು. ರೋಗ ತಡೆಯುವ ಗಿಡದಲ್ಲಿ ಒಂದು ವಂಶವಾಹಿ ಇರುತ್ತದೆ; ಅದು ಶಿಲೀಂಧ್ರದ ಒಂದು ಗುರುತನ್ನು ಹಿಡಿದು "ಇದು ಶತ್ರು" ಎಂದು ಎಚ್ಚರಿಸುತ್ತದೆ. ಶಿಲೀಂಧ್ರದ ಆ ಗುರುತು ಬದಲಾದರೆ ಗಿಡಕ್ಕೆ ಶತ್ರುವಿನ ಪರಿಚಯ ಸಿಗುವುದಿಲ್ಲ.

ಎಲೆಯ ಕೆಳಗೆ ಕಾಣುವ ಕಿತ್ತಳೆ ಪುಡಿಯ ಒಂದು ಚುಕ್ಕೆಯಿಂದಲೇ ಲಕ್ಷಗಟ್ಟಲೆ ಬೀಜಾಣುಗಳು ಹೊರಬೀಳುತ್ತವೆ. ಪ್ರತಿಯೊಂದರಲ್ಲೂ ಡಿ.ಎನ್.ಎ.ಯ ಹೊಸ ನಕಲಿದೆ. ಒಂದು ತೋಟದ ಬೀಜಾಣುಗಳ ಸಂಖ್ಯೆಯನ್ನು ಊಹಿಸಿಕೊಳ್ಳಿ. ನೂರು ಕೋಟಿಗೊಂದು ತಪ್ಪು ಎಂಬುದು ಆಗ ಅಪರೂಪವಾಗಿ ಉಳಿಯುವುದಿಲ್ಲ. ಎಲ್ಲೋ ಒಂದು ಬೀಜಾಣುವಿನಲ್ಲಿ ಆ ಗುರುತಿನ ಅಕ್ಷರವೇ ತಪ್ಪಾಗಿ ನಕಲಾಗುತ್ತದೆ. ಮಿಶ್ರ ತಳಿಗಳ ತೋಟದಲ್ಲಿ ಅದಕ್ಕೆ ವಿಶೇಷ ಲಾಭವಿಲ್ಲ. ಆದರೆ ಎಕರೆಗಟ್ಟಲೆ ಒಂದೇ ತಳಿ ಇದ್ದಲ್ಲಿ, ಬೇರೆ ಬೀಜಾಣುಗಳೆಲ್ಲ ಸೋಲುವಾಗ ಇದೊಂದು ಗೆಲ್ಲುತ್ತದೆ. ಅದರ ಸಂತತಿಯೇ ತೋಟ ತುಂಬುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ 1932ರಲ್ಲಿ, ತುಕ್ಕಿನ ಶಿಲೀಂಧ್ರದಲ್ಲಿಯೇ ಬೇರೆ ಬೇರೆ ಬಗೆಗಳಿವೆ, ಒಂದು ಹತ್ತದ ಗಿಡಕ್ಕೆ ಇನ್ನೊಂದು ಹತ್ತುತ್ತದೆ ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟರು. ಇಂದು ಪ್ರಪಂಚದಲ್ಲಿ 50ಕ್ಕೂ ಹೆಚ್ಚು ಬಗೆಗಳು ಗುರುತಾಗಿವೆ.

ಮುಂದೆ ಎಸ್.288 ಮತ್ತು ಕೆಂಟ್ ಕೂಡಿಸಿ ತೆಗೆದ ಎಸ್.795 ತಳಿ 1940ರ ದಶಕದಲ್ಲಿ ಬೆಳೆಗಾರರ ಕೈ ಸೇರಿತು. ಅದರಲ್ಲಿ ಲೈಬೀರಿಕಾ ಕಾಫಿಯಿಂದ ಬಂದ ತಡೆಶಕ್ತಿಯಿತ್ತು. ಆಮೇಲೆ ಕಾವೇರಿ ಬಂತು. ಎರಡರ ಕಥೆಯೂ ಕೆಂಟ್‌ನದೇ. ಗಿಡದ ಕಾವಲು ಹಾಗೇ ಇದೆ. ಕಳ್ಳ ವೇಷ ಬದಲಾಯಿಸಿದ್ದಾನೆ. (ಬೇರೆ ತಳಿ ಬೆರೆತ ಬೀಜ ತಂದು ಗಿಡ ಕೆಡಿಸಿಕೊಳ್ಳುವುದು ಬೇರೆಯೇ ವಿಷಯ.) 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯನ್ನು ಹಾಕಿದವರೂ ಈ ಪಾಠವನ್ನು ಮರೆಯಬಾರದು.

ಔಷಧಕ್ಕೂ ಇದೇ ನಿಯಮ

ಶಿಲೀಂಧ್ರನಾಶಕಗಳ ವಿಷಯದಲ್ಲಿಯೂ ಹೀಗೆಯೇ. ಗಿಡದೊಳಗೆ ಹೀರಲ್ಪಡುವ ಅಂತರ್ವ್ಯಾಪಿ ಔಷಧಗಳು ಸಾಮಾನ್ಯವಾಗಿ ಶಿಲೀಂಧ್ರದ ಒಂದೇ ಮರ್ಮಕ್ಕೆ ಪೆಟ್ಟು ಕೊಡುತ್ತವೆ. ಆ ಒಂದು ಜಾಗದ ಬರಹ ಬದಲಾದರೆ ಔಷಧ ನಾಟುವುದಿಲ್ಲ. ಮೆಟಲಾಕ್ಸಿಲ್ ಎಂಬ ಔಷಧವನ್ನು ಐರ್ಲೆಂಡಿನಲ್ಲಿ ಆಲೂಗಡ್ಡೆಯ ಅಂಗಮಾರಿಗೆ ಒಂಟಿಯಾಗಿ ಹೊಡೆಯುತ್ತಿದ್ದರು. 1980ರಲ್ಲಿ ಅದಕ್ಕೆ ಬಗ್ಗದ ರೋಗಾಣು ಕಾಣಿಸಿಕೊಂಡಿತು. ಆ ರೋಗಾಣು ನಮ್ಮ ಅಡಿಕೆಯ ಕೊಳೆರೋಗದ ಫೈಟಾಫ್ತೊರ ಕುಲಕ್ಕೇ ಸೇರಿದ್ದು.

ಬೋರ್ಡೋ ದ್ರಾವಣದ ತಾಮ್ರವಾದರೋ ಶಿಲೀಂಧ್ರದ ಅನೇಕ ಕಿಣ್ವಗಳನ್ನು ಒಟ್ಟಿಗೆ ಕೆಡಿಸುತ್ತದೆ. ಅದರಿಂದ ಪಾರಾಗಲು ಒಂದು ತಪ್ಪು ಸಾಲದು, ಹಲವು ತಪ್ಪುಗಳು ಏಕಕಾಲಕ್ಕೆ ಆಗಬೇಕು. ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅವರ ಕಾಲದಿಂದ ಇಂದಿನವರೆಗೆ ಕೊನೆಗಾರ ಮರವೇರಿ ಹೊಡೆಯುತ್ತಿರುವ ಮೈಲುತುತ್ತು–ಸುಣ್ಣ ಕೈಕೊಡದಿರಲು ಇದೊಂದು ಮುಖ್ಯ ಕಾರಣ. ಔಷಧವು ತಪ್ಪನ್ನು ಹುಟ್ಟಿಸುವುದಿಲ್ಲ, ಇರುವ ತಪ್ಪನ್ನು ಆರಿಸಿ ಬೆಳೆಸುತ್ತದೆ ಎಂಬುದನ್ನೂ ಗಮನಿಸಬೇಕು.

ತಪ್ಪೆಲ್ಲವೂ ಕೇಡಲ್ಲ

ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಗಿಡ್ಡನೆಯ ಅಡಿಕೆ ಮರ ಸಿಕ್ಕಿತು. ಅದು ಪ್ರಕೃತಿಯಲ್ಲಿ ತಾನಾಗಿ ಆದ ಉತ್ಪರಿವರ್ತನೆ. ಅದರ ಇಳುವರಿ ಕಡಿಮೆ. ಆದರೆ ವಿಟ್ಲದ ವಿಜ್ಞಾನಿಗಳು ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಂದಿಗೆ ಕೂಡಿಸಿ ಗಿಡ್ಡ ಸಂಕರ ತಳಿಗಳನ್ನು ತಂದರು. ಮರವೇರುವ ಆಳು ಸಿಗದ ಈ ದಿನಗಳಲ್ಲಿ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಕಾಫಿಯಲ್ಲಿಯೂ ಹಾಗೆಯೇ: ಬ್ರೆಜಿಲ್‌ನಲ್ಲಿ ಬೋರ್ಬನ್ ತಳಿಯಲ್ಲಿ ತಾನಾಗಿ ಹುಟ್ಟಿದ ಗಿಡ್ಡ ಗಿಡವೇ ಕಟುರಾ. ನಮ್ಮ ಕಾವೇರಿಯ ಗಿಡ್ಡತನ ಅದರಿಂದಲೇ ಬಂದದ್ದು. ಆದ್ದರಿಂದ ತೋಟದಲ್ಲಿ ವಿಚಿತ್ರವಾದ ಗಿಡ ಕಂಡರೆ ಅವಸರದಲ್ಲಿ ಕಡಿಯಬೇಡಿ. ಎರಡು ಮೂರು ವರ್ಷ ನೋಡಿ, ಹತ್ತಿರದ ಸಂಶೋಧನಾ ಕೇಂದ್ರಕ್ಕೆ ತಿಳಿಸಿ.

ನರ್ಸರಿಯಲ್ಲಿ ನಕಲು ಯಾವುದು, ಬೆರಕೆ ಯಾವುದು?

ಕೋಶವು ಕೋಶವನ್ನು ನಕಲು ಮಾಡುವುದು ಒಂದು. ಹೂವಿನಲ್ಲಿ ತಂದೆ ತಾಯಿಯ ಬರಹ ಬೆರೆಯುವುದು ಇನ್ನೊಂದು. ಇವೆರಡನ್ನು ಬೇರೆಯಾಗಿಯೇ ತಿಳಿಯಬೇಕು. ಅರೇಬಿಕಾದಲ್ಲಿ ಬಹುಪಾಲು ಸ್ವಕೀಯ ಪರಾಗಸ್ಪರ್ಶ ಆಗುವುದರಿಂದ ಸ್ಥಿರವಾದ ತಳಿಯ ಬೀಜದ ಗಿಡ ತಾಯಿಯನ್ನು ಹೆಚ್ಚು ಕಡಿಮೆ ಹೋಲುತ್ತದೆ. ಅಡಿಕೆಯಲ್ಲಿ ಹಾಗಲ್ಲ. ಪರಾಗ ಹೆಚ್ಚಾಗಿ ಬೇರೆ ಮರದಿಂದ ಬರುತ್ತದೆ. ತಾಯಿಮರ ಎಷ್ಟೇ ಒಳ್ಳೆಯದಾದರೂ ಬೀಜದಡಿಕೆಯಲ್ಲಿ ಅದರ ಪಾಲು ಅರ್ಧ ಮಾತ್ರ. ಉಳಿದರ್ಧ ಸುತ್ತಲಿನ ಮರಗಳದ್ದು. ಒಂಟಿ ಒಳ್ಳೆಯ ಮರಕ್ಕಿಂತ ಒಳ್ಳೆಯ ಮರಗಳ ನಡುವೆ ಇರುವ ಒಳ್ಳೆಯ ಮರದ ಬೀಜ ಲೇಸು.

ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಅದರ ಬೀಜದ ಗಿಡಗಳು ಒಂದರಂತೆ ಒಂದು ಇರುವುದಿಲ್ಲ. ಕಸಿ ಅಥವಾ ಕಡ್ಡಿಯಿಂದ ಮಾಡಿದ ಗಿಡವಾದರೆ ತಾಯಿಯ ನಕಲೇ ಸರಿ. ಆದರೆ ಇಡೀ ತೋಟಕ್ಕೆ ಒಂದೇ ಗಿಡದ ಕಸಿ ಹಾಕಿದರೆ ಫಸಲು ಕೂರುವುದಿಲ್ಲ. ಎರಡು ಮೂರು ಬೇರೆ ಬೇರೆ ಗಿಡಗಳ ಕಸಿಯನ್ನು ಸೇರಿಸಿ ನೆಡಬೇಕು.

ನಕಲು ವಿದ್ಯೆಯ ಇನ್ನೊಂದು ಉಪಯೋಗ

ಕೊರೊನಾ ಬಂದ 2020ರಲ್ಲಿ ಮೂಗಿನಿಂದ ದ್ರವ ತೆಗೆದು ಮಾಡಿದ ಆರ್‌ಟಿ-ಪಿಸಿಆರ್ ಪರೀಕ್ಷೆ ನೆನಪಿದೆಯಲ್ಲವೇ? ಅದೂ ಕಾರ್ನ್‌ಬರ್ಗ್ ಕಂಡ ಕಿಣ್ವದ ಬಳಗದ್ದೇ ಕೆಲಸ. 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಈ ವಿಧಾನದಲ್ಲಿ ಡಿ.ಎನ್.ಎ.ಯ ಒಂದು ತುಣುಕನ್ನು ಕೊಳವೆಯಲ್ಲೇ ಕೋಟಿಗಟ್ಟಲೆ ನಕಲು ಮಾಡಿ ಗುರುತಿಸುತ್ತಾರೆ. ಕಣ್ಣಿಗೆ ಕಾಣದ, ಸೂಕ್ಷ್ಮದರ್ಶಕದಲ್ಲೂ ಸುಲಭಕ್ಕೆ ಸಿಗದ ಅಡಿಕೆಯ ಹಳದಿ ಎಲೆ ರೋಗದ ಫೈಟೋಪ್ಲಾಸ್ಮಾವನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವುದೂ ಇದೇ ಕ್ರಮದಿಂದ.

ನೆನಪಿಡಬೇಕಾದ ಅಂಶಗಳು

1. ತುಕ್ಕು ತಡೆಯುವ ತಳಿಯೆಂದು ನಂಬಿ ಸಿಂಪರಣೆಯನ್ನು ಪೂರ್ತಿ ಬಿಡಬೇಡಿ. ಕಾಫಿಗೆ ಮಳೆಗಾಲದ ಮುಂಚೆ ಹಾಗೂ ನಂತರ ಶೇಕಡಾ ಅರ್ಧದ ಬೋರ್ಡೋ ದ್ರಾವಣ, ಎಲೆಗಳ ಕೆಳಭಾಗ ನೆನೆಯುವಂತೆ ಹೊಡೆಯಿರಿ.

2. ಅಡಿಕೆಯ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ – ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ಮೇಲೆ ಮತ್ತೊಮ್ಮೆ.

3. ಅಂತರ್ವ್ಯಾಪಿ ಔಷಧವನ್ನು ವರ್ಷವರ್ಷವೂ ಒಂದನ್ನೇ ಬಳಸಬೇಡಿ. ಹೇಳಿದ ಪ್ರಮಾಣಕ್ಕಿಂತ ಕಡಿಮೆ ಹಾಕಬೇಡಿ. ತಾಮ್ರದೊಂದಿಗೆ ಸರದಿ ಮಾಡಿ.

4. ತೋಟವೆಲ್ಲ ಒಂದೇ ತಳಿಯಾಗದಂತೆ ನೋಡಿಕೊಳ್ಳಿ. ಹಳೆಯ ತಳಿಯ ಕೆಲವು ಗಿಡಗಳನ್ನಾದರೂ ಉಳಿಸಿ.

5. ರೋಗ ಹೆಚ್ಚಿದಷ್ಟೂ ಬೀಜಾಣು ಹೆಚ್ಚು. ಬೀಜಾಣು ಹೆಚ್ಚಿದಷ್ಟೂ ಹೊಸ ಬಗೆ ಹುಟ್ಟುವ ಅವಕಾಶ ಹೆಚ್ಚು. ನೆರಳು ಹದ ಮಾಡಿ, ಚಿಗುರು ತೆಗೆದು, ಗಾಳಿ ಬೆಳಕು ಆಡುವಂತೆ ಮಾಡಿದರೆ ಅರ್ಧ ಕೆಲಸ ಆದಂತೆ.

ಕೊನೆಯ ಅಂಶವನ್ನು ಒಬ್ಬರು ಪಾಲಿಸಿ ಪಕ್ಕದವರು ಬಿಟ್ಟರೆ ಪ್ರಯೋಜನ ಕಡಿಮೆ. ಬೀಜಾಣುವಿಗೆ ಬೇಲಿಯ ಗಡಿ ಗೊತ್ತಿಲ್ಲ. ನೆರೆಯ ತೋಟಗಳವರೆಲ್ಲ ಮಾತಾಡಿಕೊಂಡು ಒಂದೇ ವಾರದಲ್ಲಿ ಸಿಂಪರಣೆ ಮುಗಿಸಿದರೆ ಹೊಸ ಬಗೆಯ ತುಕ್ಕಿಗೆ ತಲೆಯೆತ್ತಲು ಜಾಗ ಕಡಿಮೆಯಾಗುತ್ತದೆ. ಮುಂದಿನ ಸಲ ಯಾರಾದರೂ "ತಳಿ ಕೆಟ್ಟಿತು" ಎಂದರೆ, ತಳಿಯ ಮೇಲೆ ತಪ್ಪು ಹೊರಿಸುವ ಮೊದಲು ತುಕ್ಕಿನ ಕಡೆಗೂ ಒಮ್ಮೆ ನೋಡಿರೆಂದು ಅವರಿಗೆ ಹೇಳಿರಿ.